ಸಹಾಯ ಬೇಕು: ಬೀಗ ಹಾಕಿದ ತೋಟದ ಮನೆಯಲ್ಲಿ ಕೋವಿ ಇಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ತೋಟದ ಮನೆ ಕೊಡಗಿನ ಪೊನ್ನಂಪೇಟೆ ಹತ್ತಿರ, ನಾವಿರುವುದು ಬೆಂಗಳೂರಿನಲ್ಲಿ. ಸೆಪ್ಟೆಂಬರ್ 3ರ ಆಯುಧ ಹಬ್ಬ ಕೈಲ್‌ಪೋಳ್ದ್, ಆಮೇಲೆ ಸುಗ್ಗಿ ಹಬ್ಬ ಪುತ್ತರಿ, ಕಾಫಿ ಕೊಯ್ಲು, ಅಷ್ಟಕ್ಕೇ ಹೋಗುತ್ತೇವೆ. ಇದುವರೆಗೆ ದೊಡ್ಡಪ್ಪ ಅಲ್ಲೇ ಇದ್ದರು. ಈಗ ಅವರೂ ಮಗಳ ಮನೆಗೆ ಹೋಗಿದ್ದಾರೆ. ಒಂಟಿ ನಳಿಗೆ ಕೋವಿ, ಲೈಸೆನ್ಸ್ ಬೇಡ ಎನ್ನುವ ವಿನಾಯಿತಿ ಪತ್ರ ನನ್ನ ಹೆಸರಿನಲ್ಲೇ ಇದೆ.

ಗೋಡೆಗೆ ಬೋಲ್ಟ್ ಹಾಕುವ ಉಕ್ಕಿನ ಪೆಟ್ಟಿಗೆ ಮಾಡಿಸೋಣ ಅಂತಿದ್ದೇನೆ. ನಮ್ಮದು ಹಳೇ ಮಣ್ಣಿನ ಗೋಡೆ, ಬೋಲ್ಟ್ ಹಿಡಿಯುತ್ತದಾ? ಕಾಡತೂಸು ಬೇರೆ ಕೋಣೆಯಲ್ಲಿ, ಬೇರೆ ಬೀಗದಲ್ಲಿ. ಅದು ಸರಿ. ತಲೆನೋವು ಮಳೆಗಾಲದ್ದು. ಜುಲೈನಲ್ಲಿ ಅಲ್ಲಿ ಚಪ್ಪಲಿ, ಬೆಲ್ಟಿಗೇ ಬೂಷ್ಟು ಹಿಡಿಯುತ್ತೆ. ಮುಚ್ಚಿದ ಪೆಟ್ಟಿಗೆಯಲ್ಲಿ ನಳಿಗೆ ತುಕ್ಕು ಹಿಡಿಯದೇ ಇರುತ್ತಾ? ಚರ್ಮದ ಚೀಲದಿಂದ ತೆಗೆದು, ಎಣ್ಣೆ ಸವರಿ, ಸಿಲಿಕಾ ಜೆಲ್ ಇಟ್ಟರೆ ಸಾಕಾ? ಕರೆಂಟನ್ನು ನಂಬೋಹಾಗಿಲ್ಲ, ಆದ್ದರಿಂದ ಬಲ್ಬ್ ಉರಿಸುವ ಉಪಾಯ ಬೇಡ.

ಮಳೆ ಮುಗಿಯುವವರೆಗೆ ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲೋ ಠಾಣೆಯಲ್ಲೋ ಇಟ್ಟವರಿದ್ದೀರಾ? ರಸೀದಿ, ಬಾಡಿಗೆ ಹೇಗೆ? ವಾಪಸ್ ಕೊಡುವಾಗ ಓಡಾಟ ಜಾಸ್ತಿನಾ?

ತೋಟ ನೋಡಿಕೊಳ್ಳುವ ರೈಟರ್ ಕೈಗೆ ಕೀ ಕೊಡಿ ಅಂತ ಮಾತ್ರ ಹೇಳಬೇಡಿ. ಒಳ್ಳೆಯ ಮನುಷ್ಯನೇ, ಆದರೆ ಪತ್ರ ಅವರ ಹೆಸರಿನಲ್ಲಿಲ್ಲ ಅಲ್ವಾ. ವಿರಾಜಪೇಟೆ ಕಡೆ ಪೆಟ್ಟಿಗೆ ಮಾಡುವವರು ಗೊತ್ತಿದ್ದರೂ ತಿಳಿಸಿ.