ಸಹಾಯ ಬೇಕು: ಹಾರ್ಡ್‌ಕೋರ್ ಸಂಕಲನಗಳ ಸೌಂಡ್ ತಿರುಗಿದ್ದು ಎಲ್ಲಿ?

ಎಲ್ಲರಿಗೂ ನಮಸ್ಕಾರ. ನೆದರ್ಲೆಂಡ್ಸ್‌ನ ಥಂಡರ್‌ಡೋಮ್ ಎಂಬ ಹಾರ್ಡ್‌ಕೋರ್ (ಅತಿವೇಗದ ಎಲೆಕ್ಟ್ರಾನಿಕ್ ಡಾನ್ಸ್ ಸಂಗೀತ) ಸಂಕಲನ ಸರಣಿಯ ಸಿಡಿಗಳನ್ನು 1993ರ ಮೊದಲನೆಯದರಿಂದ ಸಾಲಾಗಿ ಕೇಳುತ್ತಿದ್ದೇನೆ. ಶುರುವಿನವು ಗ್ಯಾಬರ್ ಎಂಬ ಒರಟು ಶೈಲಿಯವು: ರೋಲ್ಯಾಂಡ್ ಟಿಆರ್-909 ಡ್ರಮ್ ಮಷಿನ್‌ನ ಕಿಕ್ (ಬಾಸ್ ಡ್ರಮ್ ಹೊಡೆತ) ಅನ್ನು ಡಿಸ್ಟಾರ್ಷನ್ ಹಾಕಿ ಒರಟು ಮಾಡಿ, ಮೇಲೆ ಹೂವರ್ ಸೌಂಡ್ (ವ್ಯಾಕ್ಯೂಮ್ ಕ್ಲೀನರ್‌ನಂತೆ ಮೊರೆಯುವ ಸಿಂಥ್ ದನಿ) ಸೇರಿಸಿ, ಉಸಿರಾಡಲೂ ಬಿಡದ ವೇಗದಲ್ಲಿ ಓಡಿಸುತ್ತಾರೆ. ನನಗೆ ಜಾಸ್ತಿ ಇಷ್ಟ ಅದೇ. 90ರ ದಶಕದ ಮಧ್ಯದಲ್ಲಿ ಪಿಯಾನೊ, ಏರುದನಿಯ ಹ್ಯಾಪಿ ಹಾರ್ಡ್‌ಕೋರ್ ಜೋರಾಯಿತು. 2000ದ ಹೊತ್ತಿಗೆ ವೇಗ ಇಳಿದು, ಕಿಕ್ ದಪ್ಪವಾಗಿ, ಸಂಗೀತವೇ ಗಾಢವಾಯಿತು, ಅಲ್ವಾ?

ಈ ಎರಡನೇ ತಿರುವು ಸ್ಪಷ್ಟವಾಗಿ ಕೇಳಿಸುವ ಸಂಕಲನ ಯಾವುದು? ದೊಡ್ಡ ಪಟ್ಟಿ ಬೇಡ, ಒಂದೆರಡು ಸಾಕು. 1996ರಲ್ಲಿ ಶುರುವಾದ ಬ್ರಿಟನ್‌ನ ಬಾಂಕರ್ಸ್ ಎಂಬ ಹ್ಯಾಪಿ ಹಾರ್ಡ್‌ಕೋರ್ ಸಂಕಲನ ಸರಣಿಯನ್ನೂ ಜೊತೆಗೆ ಕೇಳಬೇಕಾ? ಮಿಕ್ಸ್ ಸಿಡಿಯಲ್ಲಿ ಒಂದು ಟ್ರ್ಯಾಕ್ ಎಲ್ಲಿ ಮುಗಿಯಿತು ಅಂತಲೇ ಗೊತ್ತಾಗುವುದಿಲ್ಲ, ದಯವಿಟ್ಟು ಟ್ರ್ಯಾಕ್ ಹೆಸರನ್ನೂ ಹೇಳಿ.