ಶನಿವಾರದ ಏಳೂವರೆ ಕರೆಗೆ ನಾನೇಕೆ ಬರುತ್ತಿಲ್ಲ

ದೊಡ್ಡಪ್ಪ, ನಮಸ್ಕಾರ. ಶನಿವಾರ ಸಂಜೆ ಏಳೂವರೆಗೆ ಮನೆಯವರೆಲ್ಲ ಸೇರುವ ವಿಡಿಯೊ ಕರೆಗೆ ಆಗಸ್ಟ್ ತಿಂಗಳಿನಿಂದ ನಾನು ಒಮ್ಮೆಯೂ ಸರಿಯಾಗಿ ಬಂದಿಲ್ಲ ಎಂದು ನೀವು ನಿನ್ನೆ ಈ ಗುಂಪಿನಲ್ಲಿ ಆಕ್ಷೇಪಿಸಿದಿರಿ. ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್ ನೋಡಿಕೊಂಡು ಬೆಳೆದ ಹುಡುಗನಿಗೆ, ಒಂದೂವರೆ ಗಂಟೆ ಓಡಾಡಿ ಸೊನ್ನೆಗೆ ಸೊನ್ನೆ ಎಂದು ಮುಗಿಸುವ ಈ ಫುಟ್ಬಾಲ್ ಹುಚ್ಚು ಎಲ್ಲಿಂದ ಹತ್ತಿತು ಎಂದೂ ಕೇಳಿದಿರಿ. ಎರಡು ಸಾಲು ಟೈಪ್ ಮಾಡಿ ಮುಗಿಸುವ ಉತ್ತರವಲ್ಲವಾದ್ದರಿಂದ ಮಾತಿನಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ದೊಡ್ಡಮ್ಮ ಅಡುಗೆ ಮಾಡುತ್ತಲೇ ಕೇಳಿಸಿಕೊಳ್ಳಬಹುದು.

ಮೊದಲು ಗಡಿಯಾರದ ಲೆಕ್ಕ. ಬೇಸಿಗೆ ಸಮಯದಲ್ಲಿ ಇಂಗ್ಲೆಂಡಿನಲ್ಲಿ ಮಧ್ಯಾಹ್ನ ಮೂರಕ್ಕೆ ಪಂದ್ಯ ಶುರುವಾದರೆ ನಮ್ಮ ಸಿಯಾಟಲ್‌ನಲ್ಲಿ ಬೆಳಿಗ್ಗೆ ಏಳು, ನಿಮಗೆ ಬೆಂಗಳೂರಿನಲ್ಲಿ ಸಂಜೆ ಏಳೂವರೆ. ನಿಮ್ಮ ಕರೆಯೂ ಇಂಗ್ಲೆಂಡಿನ ನನ್ನ ಫುಟ್ಬಾಲ್ ತಂಡ ಎಎಫ್‌ಸಿ ವಿಂಬಲ್ಡನ್‌ನ ಪಂದ್ಯವೂ ಒಂದೇ ಮುಹೂರ್ತಕ್ಕೆ ಬಿದ್ದಿವೆ, ಅಷ್ಟೆ.

ನಾನು ಬೆಳೆದ ಕಾಲದಲ್ಲಿ ಸಿಯಾಟಲ್‌ನ ಮಕ್ಕಳಿಗೆ ಸೂಪರ್‌ಸಾನಿಕ್ಸ್ ಎಂಬ ಬ್ಯಾಸ್ಕೆಟ್‌ಬಾಲ್ ತಂಡವೇ ಸರ್ವಸ್ವವಾಗಿತ್ತು. 1996ರ ಫೈನಲ್ ಸರಣಿಯಲ್ಲಿ ಮೈಕೆಲ್ ಜೋರ್ಡನ್ ಅವರ ಶಿಕಾಗೊ ಬುಲ್ಸ್ ಎದುರು ಮೊದಲ ಮೂರು ಪಂದ್ಯ ಸೋತು, ಮುಂದಿನ ಎರಡನ್ನು ಗೆದ್ದು, ಆರನೆಯದರಲ್ಲಿ ಮುಗ್ಗರಿಸಿದಾಗ ನನಗೆ ಹನ್ನೊಂದು ವರ್ಷ. ಕ್ರಿಕೆಟ್ ಬಿಟ್ಟು ಬೇರೆ ಆಟವೇ ಇಲ್ಲ ಎನ್ನುತ್ತಿದ್ದ ಅಪ್ಪ ಆ ವೇಳೆಗೆ ನಮ್ಮ ತಂಡದ ಆಟಗಾರ ಗ್ಯಾರಿ ಪೇಟನ್ ಹೆಸರನ್ನು ಬಸವನಗುಡಿಯ ಪಕ್ಕದ ಮನೆಯ ಹುಡುಗನ ಹೆಸರಿನಷ್ಟು ಸಲಿಗೆಯಿಂದ ಹೇಳುತ್ತಿದ್ದರು.

2006ರಲ್ಲಿ ಆ ತಂಡವನ್ನು ಬೇರೆ ರಾಜ್ಯದ ಹೂಡಿಕೆದಾರರಿಗೆ ಮಾರಲಾಯಿತು. 2008ರ ಏಪ್ರಿಲ್ 13ರಂದು ಊರಿನಲ್ಲಿ ನಡೆದ ಕಡೆಯ ಪಂದ್ಯಕ್ಕೆ ನಾನೂ ಅಪ್ಪನೂ ಹೋಗಿ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಕುಳಿತಿದ್ದೆವು. ಅದು ನಮ್ಮ ತಂಡದ ಆಟಗಾರ ಕೆವಿನ್ ಡ್ಯುರಾಂಟ್ ಅವರ ಮೊದಲ ವರ್ಷ. ಡಲ್ಲಾಸ್ ತಂಡವನ್ನು 99–95ರಿಂದ ಮಣಿಸಿದ ಮೇಲೂ ಜನರು ಎದ್ದು ಹೋಗದೆ, ನಮ್ಮ ತಂಡವನ್ನು ಉಳಿಸಿ ಎಂದು ಕೂಗುತ್ತಲೇ ನಿಂತರು. ದೀಪಗಳು ಒಂದೊಂದಾಗಿ ಆರತೊಡಗಿದಾಗ ಅಪ್ಪ ಟಿಕೆಟ್ಟಿನ ಚೂರನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಕೆಲವೇ ತಿಂಗಳಲ್ಲಿ ತಂಡವನ್ನು ಒಕ್ಲಹೋಮಾ ಸಿಟಿಗೆ ಸಾಗಿಸಿದರು. ಸತ್ತವರಿಗೆ ತಿಥಿಯಾದರೂ ಇರುತ್ತದೆ, ದೊಡ್ಡಪ್ಪ. ನಮ್ಮ ತಂಡ ಬೇರೆ ಹೆಸರಿಟ್ಟುಕೊಂಡು, ಬೇರೆ ಬಣ್ಣ ತೊಟ್ಟುಕೊಂಡು ಟಿವಿಯಲ್ಲಿ ಆಡುತ್ತಲೇ ಇತ್ತು.

ಮರುವರ್ಷವೇ, 2009ರ ಮಾರ್ಚ್‌ನಲ್ಲಿ, ಊರಿನ ಫುಟ್ಬಾಲ್ ತಂಡವಾದ ಸೌಂಡರ್ಸ್ ಅಮೆರಿಕದ ಮೇಜರ್ ಲೀಗಿಗೆ ಕಾಲಿಟ್ಟಿತು. ಗೆಳೆಯನೊಬ್ಬ ಹಸಿರು ಶಾಲು ಹೊದಿಸಿ ಎಳೆದುಕೊಂಡು ಹೋದ. ಮೊದಲ ಪಂದ್ಯವನ್ನು 3–0ಯಿಂದ ಗೆದ್ದರೂ ನನ್ನ ಮನಸ್ಸು ಪೂರ್ತಿ ಒಲಿಯಲಿಲ್ಲ, ಏಕೆಂದರೆ ಆ ಲೀಗಿನ ಕಟ್ಟುಪಾಡೂ ಹಳೆಯದೇ: ಮಾಲೀಕ ಬಯಸಿದರೆ ತಂಡ ಊರು ಬಿಡಬಹುದು. 2017ರಲ್ಲಿ ಕೊಲಂಬಸ್ ನಗರದ ತಂಡಕ್ಕೆ ಹೆಚ್ಚುಕಡಿಮೆ ಹಾಗೆಯೇ ಆಗುವುದರಲ್ಲಿತ್ತು. ಅಲ್ಲಿನ ಅಭಿಮಾನಿಗಳು ಹಟ ಹಿಡಿದು ಹೋರಾಡಿದ್ದರಿಂದ ಉಳಿಯಿತು.

ಹೀಗೆ ಊರು ಬಿಟ್ಟ ತಂಡಗಳ ಕಥೆಗಳನ್ನು ಹುಡುಕಿ ಓದುತ್ತಿದ್ದಾಗ ನನಗೆ ವಿಂಬಲ್ಡನ್ ಸಿಕ್ಕಿತು. ಟೆನಿಸ್ ಅಲ್ಲ, ಲಂಡನ್ನಿನ ಅದೇ ಬಡಾವಣೆಯ ಫುಟ್ಬಾಲ್ ತಂಡ. 1988ರಲ್ಲಿ ಲಿವರ್‌ಪೂಲ್‌ನಂಥ ಘಟಾನುಘಟಿಯನ್ನು 1–0ಯಿಂದ ಸೋಲಿಸಿ ಎಫ್‌ಎ ಕಪ್ ಎಂಬ ಇಂಗ್ಲೆಂಡಿನ ದೊಡ್ಡ ಪಂದ್ಯಾವಳಿಯನ್ನು ಗೆದ್ದಿದ್ದ ಆ ಕ್ಲಬ್ಬನ್ನು ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್‌ಗೆ ಒಯ್ಯಲು 2002ರ ಮೇ ತಿಂಗಳಿನಲ್ಲಿ ಒಂದು ಸಮಿತಿ ಒಪ್ಪಿಗೆ ಕೊಟ್ಟಿತು. ಅಭಿಮಾನಿಗಳು ಹೊಸದಾಗಿ ತಮ್ಮದೇ ಕ್ಲಬ್ ಕಟ್ಟುವುದು ಫುಟ್ಬಾಲಿನ ವಿಶಾಲ ಹಿತಕ್ಕೆ ತಕ್ಕುದಲ್ಲ ಎಂದು ಆ ಸಮಿತಿಯ ವರದಿ ಬೇರೆ ಹೇಳಿತು. ಅವರು ಅದನ್ನೇ ಕಟ್ಟಿದರು. ಜೂನ್‌ನಲ್ಲಿ ವಿಂಬಲ್ಡನ್ ಕಾಮನ್ ಎಂಬ ಬಯಲಿನಲ್ಲಿ ಆಟಗಾರರ ಆಯ್ಕೆಗೆ ಕರೆದಾಗ ಸುಮಾರು 230 ಮಂದಿ ಬೂಟು ಹಿಡಿದುಕೊಂಡು ಬಂದರಂತೆ. ಜುಲೈನಲ್ಲಿ ಮೊದಲ ಸ್ನೇಹಪಂದ್ಯ. ನೋಡಲು ನಾಲ್ಕು ಸಾವಿರಕ್ಕೂ ಹೆಚ್ಚು ಜನ, ಫಲಿತಾಂಶ 0–4ರ ಸೋಲು. ಇಂಗ್ಲೆಂಡಿನ ಒಂಬತ್ತನೆಯ ದರ್ಜೆಯಿಂದ ಹೊರಟ ಎಎಫ್‌ಸಿ ವಿಂಬಲ್ಡನ್, ಲೀಗಿನಲ್ಲಿ ಸತತ 78 ಪಂದ್ಯ ಸೋಲದೆ ಆಡಿದ ದಾಖಲೆಯನ್ನೂ ಬರೆದು, ಒಂಬತ್ತೇ ವರ್ಷಗಳಲ್ಲಿ, 2011ರಲ್ಲಿ, ಲೂಟನ್ ತಂಡವನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ವೃತ್ತಿಪರ ಲೀಗಿಗೆ ಮರಳಿತು. ಇದನ್ನೆಲ್ಲ ಓದಿದ ಸಂಜೆಯೇ ನಾನು ಅವರವನಾದೆ. ನಾವು ಟಿಕೆಟ್ಟು ಮಡಿಸಿ ಜೇಬಿಗೆ ಹಾಕಿಕೊಂಡು ಮನೆಗೆ ಬಂದವರು, ಅವರು ಬಯಲಿಗಿಳಿದವರು.

ಈಗ ನಿಮ್ಮ ಸೊನ್ನೆಯ ವಿಷಯ. ಮೊದಮೊದಲು ನನಗೂ ಅದೇ ಬೇಸರವಿತ್ತು. ಅರ್ಧ ನಿಮಿಷಕ್ಕೊಮ್ಮೆ ಬುಟ್ಟಿಗೆ ಚೆಂಡು ಬೀಳುವುದನ್ನು ಕಂಡ ಕಣ್ಣಿಗೆ, ಗಡಿಯಾರ ನಿಂತಾಗಲೆಲ್ಲ ಜಾಹೀರಾತು ಬರುವ ಆಟಗಳಿಗೆ ಒಗ್ಗಿದ ಮೈಗೆ, 45 ನಿಮಿಷ ಬಿಡುವೇ ಇಲ್ಲದೆ ಹರಿಯುವ ಆಟವನ್ನು ನೋಡಲು ಬರುವುದಿಲ್ಲ. ಅಮೆರಿಕದವರಿಗೆ ಡ್ರಾ ಎಂದರೆ ಎಷ್ಟು ಅಲರ್ಜಿಯೆಂದರೆ, ಇಲ್ಲಿನ ಮೇಜರ್ ಲೀಗು 1996ರಲ್ಲಿ ಶುರುವಾದಾಗ ಸಮಬಲವಾದ ಪಂದ್ಯಗಳಲ್ಲಿ ಆಟಗಾರನು 35 ಗಜ ದೂರದಿಂದ ಚೆಂಡು ಓಡಿಸಿಕೊಂಡು ಬಂದು ಐದು ಸೆಕೆಂಡಿನೊಳಗೆ ಗೋಲು ಹೊಡೆಯುವ ವಿಚಿತ್ರ ಪದ್ಧತಿಯನ್ನು ಇಟ್ಟುಕೊಂಡಿದ್ದರು; 1999ರವರೆಗೂ ಅದು ನಡೆಯಿತು. ಆದರೆ ಈ ಪ್ರಶ್ನೆಯನ್ನು ನೀವು ಕೇಳಬಹುದೇ, ದೊಡ್ಡಪ್ಪ? ಐದು ದಿನ ಆಡಿ ಡ್ರಾ ಆದ ಟೆಸ್ಟ್ ಪಂದ್ಯದಲ್ಲಿ ವಿಶ್ವನಾಥ್ ಅವರ ಒಂದು ಸ್ಕ್ವೇರ್ ಕಟ್ ಬಗ್ಗೆ ಅರ್ಧ ಗಂಟೆ ಮಾತಾಡಿದವರು ನೀವೇ ಅಲ್ಲವೇ? ಗೋಲು ಅಪರೂಪವಾದ್ದರಿಂದಲೇ, ರಕ್ಷಣೆಯ ಆಟಗಾರನೊಬ್ಬ ಎರಡು ಹೆಜ್ಜೆ ತಪ್ಪಾಗಿ ಮುಂದೆ ಬಂದಿದ್ದಾನೆ ಎಂಬುದು ಕಣ್ಣಿಗೆ ಬಿದ್ದಾಗ ಹೊಟ್ಟೆಯೊಳಗೆ ಏನೋ ಕಲಕಿದಂತಾಗುತ್ತದೆ. ಅದು ಕಾಣಲು ನನಗೆ ಮೂರು ವರ್ಷ ಬೇಕಾಯಿತು.

ಇನ್ನೊಂದು ವ್ಯತ್ಯಾಸ ಸೋತವರದ್ದು. ಇಲ್ಲಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ಕೆಳಗಿನ ಸ್ಥಾನಗಳಲ್ಲಿ ಮುಗಿಸಿದವರಿಗೇ ಮುಂದಿನ ವರ್ಷದ ಒಳ್ಳೆಯ ಹುಡುಗರನ್ನು ಮೊದಲು ಆರಿಸಿಕೊಳ್ಳುವ ಅವಕಾಶ ಹೆಚ್ಚು. ಡ್ಯುರಾಂಟ್ ನಮಗೆ ದಕ್ಕಿದ್ದೂ ಹಾಗೆಯೇ. ಇಂಗ್ಲೆಂಡಿನಲ್ಲಿ ಕೆಳಗಿದ್ದವರನ್ನು ಕೆಳದರ್ಜೆಗೆ ತಳ್ಳುತ್ತಾರೆ. 2022ರಲ್ಲಿ ನಮ್ಮ ವಿಂಬಲ್ಡನ್‌ನವರೂ ಮೂರನೆಯ ದರ್ಜೆಯಿಂದ ನಾಲ್ಕನೆಯದಕ್ಕೆ ಬಿದ್ದರು. ಅದು ಕಷ್ಟದ ದಿನವೇ, ಆದರೂ ಕ್ಲಬ್ಬು ಊರಿನಲ್ಲೇ ಇತ್ತು, ಅದರ ಮೇಲಿನ ಹಿಡಿತ ಅಭಿಮಾನಿಗಳ ಟ್ರಸ್ಟಿನ ಕೈಯಲ್ಲೇ ಇತ್ತು. ಆ ಟ್ರಸ್ಟಿನಲ್ಲಿ ಸದಸ್ಯರಿಗೆ ತಲಾ ಒಂದು ಮತ. ಒಂದು ನನ್ನದೂ ಇದೆ. ಕ್ಲಬ್ಬು ಹಳೆಯ ಜಾಗದ ಹತ್ತಿರದಲ್ಲೇ ಪ್ಲೌ ಲೇನ್‌ನಲ್ಲಿ ಸುಮಾರು 9000 ಆಸನಗಳ ಸ್ವಂತ ಕ್ರೀಡಾಂಗಣ ಕಟ್ಟಿಕೊಂಡು 2020ರ ನವೆಂಬರಿನಲ್ಲಿ ಅಲ್ಲಿಗೆ ಮರಳಿತ್ತು. 2024ರ ಸೆಪ್ಟೆಂಬರಿನಲ್ಲಿ ಪಕ್ಕದ ವಾಂಡಲ್ ಹೊಳೆ ಉಕ್ಕಿ ಆ ಮೈದಾನದಲ್ಲಿ ದೊಡ್ಡ ಹೊಂಡವೇ ಬಿದ್ದಾಗ ನಾನೂ ಸ್ವಲ್ಪ ಹಣ ಕಳಿಸಿದ್ದೆ. ದೀಪಾವಳಿಗೆ ಊರಿಗೆ ಬರದಿದ್ದುದಕ್ಕೂ ಅದಕ್ಕೂ ಸಂಬಂಧವಿಲ್ಲ. ಚಿಕ್ಕಮ್ಮ ಹಾಗೆ ತಿಳಿಯಬಾರದು.

2024–25ರ ಋತುವಿನ ಕೊನೆಯ ಪಂದ್ಯವನ್ನೂ ಹೇಳಿಬಿಡುತ್ತೇನೆ. 2025ರ ಮೇ 26, ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ವಾಲ್ಸಾಲ್ ತಂಡದ ವಿರುದ್ಧ, ಗೆದ್ದವರಿಗೆ ಮೂರನೆಯ ದರ್ಜೆ. ಅಪ್ಪ ಹಿಂದಿನ ರಾತ್ರಿಯೇ ನಮ್ಮ ಮನೆಗೆ ಬಂದಿದ್ದರು. ಮೊದಲರ್ಧದ ಕೊನೆಯಲ್ಲಿ ನಮ್ಮ ಆಟಗಾರ ಹಿಪ್ಪೊಲೈಟ್ ಗೋಲು ಹೊಡೆದಾಗ ಅಪ್ಪನ ಕಾಫಿ ಲೋಟ ಕಾರ್ಪೆಟ್ಟಿನ ಮೇಲಿತ್ತು. ಎರಡನೆಯ ಅರ್ಧವೆಲ್ಲ ಅವರು ನಿಂತೇ ನೋಡಿದರು, ಕೊನೆಯ ಹತ್ತು ನಿಮಿಷ ಗೋಡೆಯ ಕಡೆ ತಿರುಗಿಕೊಂಡು, ಏನಾಯಿತು ಏನಾಯಿತು ಎಂದು ನನ್ನನ್ನೇ ಕೇಳುತ್ತಾ. ಪಂದ್ಯ 1–0ಗೆ ಮುಗಿಯಿತು. ಕಾರ್ಪೆಟ್ಟಿನ ಮೇಲಿನ ಆ ಕಾಫಿ ಕಲೆ ಇನ್ನೂ ಹೋಗಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ: ಕರೆಯನ್ನು ಭಾನುವಾರ ಸಂಜೆ ಏಳೂವರೆಗೆ ಬದಲಿಸೋಣ. ಅದು ಆಗದಿದ್ದರೆ ಶನಿವಾರ ರಾತ್ರಿ ಒಂಬತ್ತೂವರೆಗೆ, ಪಂದ್ಯ ಮುಗಿದ ಕೂಡಲೇ, ನಾನೇ ಕರೆ ಮಾಡುತ್ತೇನೆ; ಸೋತಿದ್ದರೆ ಮಾತ್ರ ಮೊದಲ ಐದು ನಿಮಿಷ ಅಪ್ಪನೊಡನೆ ಮಾತಾಡುತ್ತಿರಿ.