ರಾತ್ರಿ ಹಾರಾಟದಲ್ಲಿ ಕಣ್ಣು ಮೋಸಹೋಗುವುದೇಕೆ?

ಪ್ರಶ್ನೆ: ಪೈಲಟ್ ತರಬೇತಿಯಲ್ಲಿರುವ ನನ್ನ ಮಗಳು ರಜೆಗೆ ಚಿತ್ರದುರ್ಗಕ್ಕೆ ಬಂದಾಗ, ಜೋಗಿಮಟ್ಟಿಯ ಕಡೆ ದೂರದಲ್ಲಿದ್ದ ಒಂಟಿ ದೀಪವೊಂದನ್ನು ದಿಟ್ಟಿಸುತ್ತಿದ್ದರೆ ಅದು ಚಲಿಸಿದಂತೆ ಕಾಣುತ್ತದೆ ಎಂದು ತೋರಿಸಿದಳು, ನನಗೂ ಹಾಗೆಯೇ ಕಂಡು ಆತಂಕವಾಯಿತು. ಆಕಾಶದಲ್ಲಿ ಇದು ಅಪಾಯವಲ್ಲವೇ?

ಉತ್ತರ: ಖಂಡಿತ ಅಪಾಯವೇ, ಸರ್. ಕತ್ತಲಲ್ಲಿ ಹೋಲಿಸಿ ನೋಡಲು ಬೇರೇನೂ ಇಲ್ಲದಿದ್ದಾಗ ನಿಂತ ದೀಪವೂ ಅಲೆದಾಡುವಂತೆ ತೋರುವುದರಿಂದ, ಪೈಲಟ್ ಒಂದೇ ದೀಪದಲ್ಲಿ ಕಣ್ಣು ನೆಡದೆ ದೃಷ್ಟಿಯನ್ನು ಸರಿಸುತ್ತಿರಬೇಕು, ಉಪಕರಣಗಳನ್ನು ನಂಬಬೇಕು. ಮಂದವಾದ ವಸ್ತುವನ್ನು ನೇರವಾಗಿ ನೋಡುವುದಕ್ಕಿಂತ ತುಸು ಪಕ್ಕಕ್ಕೆ ನೋಡಿದರೆ ಚೆನ್ನಾಗಿ ಕಾಣುತ್ತದೆ.

ಮತ್ತೊಂದು ಉತ್ತರ: ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸುಮಾರು 30 ನಿಮಿಷ ಬೇಕು, ಮೊಬೈಲಿನ ಪ್ರಖರ ಬೆಳಕು ಕ್ಷಣದಲ್ಲೇ ಅದನ್ನು ಕೆಡಿಸುತ್ತದೆ. ಆಮ್ಲಜನಕ ಕಡಿಮೆಯಾಗುವುದರಿಂದ ಸುಮಾರು 5,000 ಅಡಿ ಎತ್ತರದಲ್ಲೇ ರಾತ್ರಿಯ ದೃಷ್ಟಿ ಕುಂದತೊಡಗುತ್ತದೆ, ಧೂಮಪಾನಿಗಳಲ್ಲಿ ಇನ್ನೂ ಬೇಗ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಇಂದೇ ಮಗಳಿಗೆ ಓದಿ ಹೇಳುತ್ತೇನೆ.